ಹೆಡ್ ಮಾಸ್ತರರ ನಲವತ್ತೊಂಬತ್ತು ಅಂಕ

ಬನಹಟ್ಟಿಯ ಆ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮಹಡಿಯ ಮೇಲಿನ ಕೊನೆಯ ಕೋಣೆಗೆ ಎರಡು ವರ್ಷದಿಂದ ಬೀಗ ಬಿದ್ದಿತ್ತು. ಒಳಗೆ ಒಂದು ಸ್ಮಾರ್ಟ್ ಬೋರ್ಡು, ಒಂದು ಲ್ಯಾಪ್‌ಟಾಪು ಇದ್ದವು. ಕೀಲಿಕೈ ಹೆಡ್ ಮಾಸ್ತರ ಶಿದ್ರಾಮಪ್ಪನವರ ಜೇಬಿನಲ್ಲಿತ್ತು. ವರ್ಷಕ್ಕೊಮ್ಮೆ, ಖಂಡೇನವಮಿಯ ಆಯುಧಪೂಜೆಯ ದಿನ, ಅವರೇ ಬಂದು ಬಾಗಿಲು ತೆರೆಯುತ್ತಿದ್ದರು. ಬೋರ್ಡಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಎಲ್ಲರಿಗೂ ಪೇಡೆ ಹಂಚಿ ಮತ್ತೆ ಬೀಗ ಹಾಕುತ್ತಿದ್ದರು. ಯಾರಾದರೂ ಮುಟ್ಟಿ ಕೆಡಿಸಿದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ತಾವು ಎನ್ನುವುದು ಅವರ ಭಯ. ಹೀಗಾಗಿ ಆ ಬೋರ್ಡು ಹೊಸದರಂತೆಯೇ ಇತ್ತು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಕಿತ್ತಿರಲಿಲ್ಲ.

ಮೇಲಿನವರು ಎಂದರೆ ಶಾಲೆಯನ್ನು ನಡೆಸುವ ಸಂಸ್ಥೆಯವರು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಲ್ಲ ಸೇರಿ ಅವರಿಗೆ ಐದು ಶಾಲೆಗಳಿದ್ದವು. ಅಧ್ಯಕ್ಷರು ರೇವಪ್ಪನವರು, ನೂಲಿನ ದೊಡ್ಡ ವ್ಯಾಪಾರಿ. ಅವರ ಹತ್ತು ವರ್ಷದ ಮೊಮ್ಮಗಳು ದೀಪಾವಳಿ ರಜೆಗೆ ಬಂದಾಗ ಅಜ್ಜನಿಗೆ ವಿಡಿಯೊ ಕಾಲ್ ಮಾಡುವುದನ್ನು ಕಲಿಸಿಹೋದಳು. ರೇವಪ್ಪನವರು ಒಂದು ವಾರ ಕಂಡಕಂಡವರಿಗೆಲ್ಲ ವಿಡಿಯೊ ಕಾಲ್ ಮಾಡಿ, ಎಂಟನೆಯ ದಿನ ಒಂದು ತೀರ್ಮಾನಕ್ಕೆ ಬಂದರು. ಮಕ್ಕಳು ತಮ್ಮಂಥವರಿಗೇ ಕಲಿಸಬಲ್ಲರಾದರೆ ಮಾಸ್ತರರಿಗೆ ಯಾಕೆ ಕಲಿಸಬಾರದು?

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಶಿದ್ರಾಮಪ್ಪನವರು ಸಂಸ್ಥೆಯ ಪತ್ರವನ್ನು ಓದಿದರು. ಇನ್ನು ಆರು ವಾರಗಳಲ್ಲಿ ಪ್ರತಿಯೊಬ್ಬ ಶಿಕ್ಷಕರೂ ತಂತ್ರಜ್ಞಾನದಲ್ಲಿ ಪರಿಣತರಾಗತಕ್ಕದ್ದು. ಅದಕ್ಕಾಗಿ ಒಬ್ಬೊಬ್ಬರಿಗೂ ಒಬ್ಬ ವಿದ್ಯಾರ್ಥಿನಿಯನ್ನು ಮಾರ್ಗದರ್ಶಕಿಯಾಗಿ ನೇಮಿಸತಕ್ಕದ್ದು. ಹುಡುಗಿಯರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮಾಸ್ತರರ ಮುಖ ನೋಡಿದರು.

ಮಾರ್ಗದರ್ಶಕಿಯರನ್ನು ಆರಿಸುವುದು ಸುಲಭವೆಂದು ಶಿದ್ರಾಮಪ್ಪನವರು ತಿಳಿದಿದ್ದರು. ಪ್ರತಿ ತರಗತಿಯ ಮೊದಲ ಮೂರು ಸ್ಥಾನದ ಹುಡುಗಿಯರನ್ನು ಕೋಣೆಗೆ ಕರೆಸಿದರು. ಆ ಹುಡುಗಿಯರು ಕೈಕಟ್ಟಿ ನಿಂತರು.

“ನಮ್ಮ ಮನ್ಯಾಗ ಫೋನ್ ಮುಟ್ಟಾಕ ಕೊಡಂಗಿಲ್ರಿ ಸರ್,” ಎಂದಳು ಒಬ್ಬಳು. “ಕೊಡಬ್ಯಾಡ್ರಿ ಅಂತ ಪಾಲಕರ ಸಭಾದಾಗ ನೀವ ಹೇಳಿದ್ರೆಲ್ಲರಿ.”

ಉಳಿದವರೂ ತಲೆಯಾಡಿಸಿದರು. ಶಿದ್ರಾಮಪ್ಪನವರು ಎದ್ದು ಕಪಾಟಿನಿಂದ ಒಂದು ಉದ್ದನೆಯ ಪುಸ್ತಕವನ್ನು ತೆಗೆದರು. ಅದು ಫೋನ್ ಜಪ್ತಿ ಪುಸ್ತಕ. ಶಾಲೆಗೆ ಕದ್ದು ಫೋನ್ ತಂದು ಸಿಕ್ಕಿಬಿದ್ದವರ ಹೆಸರು, ತಾರೀಖು, ಮುಚ್ಚಳಿಕೆ ಎಲ್ಲ ಅದರಲ್ಲಿದ್ದವು. ಒಟ್ಟು ಹನ್ನೊಂದು ಹುಡುಗಿಯರು. ನಾಚಿಕೆಗೇಡಿನ ಹುಡುಗಿಯರು ಎಂದು ಅದೇ ಹನ್ನೊಂದು ಮಂದಿಯನ್ನು ಹಿಂದೊಮ್ಮೆ ಪ್ರಾರ್ಥನೆಯಲ್ಲಿ ನಿಲ್ಲಿಸಿದ್ದರು. ಈಗ ಅದೇ ಪಟ್ಟಿಯನ್ನು ಚೆಂದವಾಗಿ ನಕಲು ಮಾಡಿಸಿ, ಮೇಲೆ ‘ಆಯ್ಕೆಯಾದ ಪ್ರತಿಭಾವಂತ ವಿದ್ಯಾರ್ಥಿನಿಯರು’ ಎಂದು ಬರೆಸಿ ಸಂಸ್ಥೆಗೆ ಕಳಿಸಿದರು.

ಪಟ್ಟಿಯ ಮೊದಲ ಹೆಸರು ಪೂನಮ್. ಮೂರು ಸಲ ಜಪ್ತಿಯಾದವಳು ಅವಳೊಬ್ಬಳೇ.

ಪೂನಮ್ ಒಂಬತ್ತನೆಯ ತರಗತಿ. ದಿನಾ ಹಿಪ್ಪರಗಿಯಿಂದ ಬಸ್ಸಿಗೆ ಬರುತ್ತಿದ್ದಳು. ಅಪ್ಪ ಅಮಸಿದ್ದಪ್ಪನಿಗೆ ನೂರಾಹತ್ತು ಕುರಿ, ಒಂದೂವರೆ ಎಕರೆ ಕಬ್ಬು, ಮತ್ತು ಗಾಜು ಒಡೆದ ಒಂದು ಫೋನು. ಆ ಫೋನಿನ ಕಾರಭಾರವೆಲ್ಲ ಮಗಳದು. ಕಬ್ಬು ಕಡಿಯುವ ಪಾಳಿ ಯಾವಾಗ ಬಂತೆಂದು ಕಾರ್ಖಾನೆಯ ಸಂದೇಶ ಓದಿ ಹೇಳುವವಳು ಅವಳು. ಬೀರಪ್ಪನ ಗುಡಿಯ ಡೊಳ್ಳಿನ ಮೇಳದ ವಿಡಿಯೊ ಹಾಕುವವಳು ಅವಳು. ಕುರಿಗೆ ಕಾಲುಬೇನೆ ಬಂದರೆ ಗೊರಸಿನ ಫೋಟೊ ತೆಗೆದು ದನದ ಡಾಕ್ಟರರಿಗೆ ಕಳಿಸಿ, ಅವರ ಉತ್ತರ ಬರುವವರೆಗೆ ಕಾಯುವವಳೂ ಅವಳೇ. ಹಾಗೆ ಕಾಯುತ್ತಿದ್ದಾಗಲೇ ಮೂರನೆಯ ಸಲ ಸಿಕ್ಕಿಬಿದ್ದಿದ್ದಳು. ಹಿಡಿದವರು ಗಣಿತದ ಚನಮಲ್ಲಪ್ಪ ಮಾಸ್ತರರು. ಫೋನು ಕಸಿದುಕೊಂಡು ನೋಡಿದರೆ ಅದರ ತುಂಬ ಒಂದು ಕುರಿಯ ಗೊರಸಿತ್ತು. ಏನು ಬಯ್ಯಬೇಕೆಂದು ತಿಳಿಯದೆ ಇನ್ನಷ್ಟು ಬೈದಿದ್ದರು. ಅಂದಿನಿಂದ ಫೋನು ಹಗಲೆಲ್ಲ ಅಪ್ಪನ ಹತ್ತಿರವೇ ಇರುತ್ತಿತ್ತು.

ಹೆಡ್ ಮಾಸ್ತರರೂ ಸೇರಿ ಶಿಕ್ಷಕರು ಹದಿಮೂರು ಮಂದಿ, ಹುಡುಗಿಯರು ಹನ್ನೊಂದು. ಹೀಗಾಗಿ ಇಬ್ಬರು ಹುಡುಗಿಯರಿಗೆ ಇಬ್ಬಿಬ್ಬರು ಬಂದರು. ಪೂನಮ್‌ಗೆ ಬಂದವರು ಹೆಡ್ ಮಾಸ್ತರ ಶಿದ್ರಾಮಪ್ಪನವರು, ಮತ್ತು ಚನಮಲ್ಲಪ್ಪ ಮಾಸ್ತರರು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ವಿಷಯ ಹೇಳಿದಳು. ಅವ್ವ ಸುಂದರವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ಮಾಸ್ತರಿಗೆ ನೀ ಕಲಸ್ತಿ? ಅವರು ತಪ್ಪ ಮಾಡಿದ್ರ ಏನ ಮಾಡ್ತಿ?”

“ಗೊತ್ತಿಲ್ಲ ಬೇ,” ಎಂದಳು ಪೂನಮ್. ಅದೇ ಚಿಂತೆ ಅವಳಿಗೂ ಹತ್ತಿತ್ತು.

ಮೊದಲ ಪಾಠದ ದಿನ ಮಹಡಿಯ ಕೋಣೆಯ ಬೀಗ ತೆರೆಯಿತು. ನಾಲ್ಕಕ್ಕೆ ಒಂದು ನಿಮಿಷ ಇರುವಾಗಲೇ ಚನಮಲ್ಲಪ್ಪ ಮಾಸ್ತರರು ನೂರು ಪುಟದ ಹೊಸ ನೋಟುಬುಕ್ಕು, ಎರಡು ಪೆನ್ನು ಹಿಡಿದು ಬಂದರು. ಮೂವತ್ತೊಂದು ವರ್ಷ ಅದೇ ಶಾಲೆಯಲ್ಲಿ ಕಲಿಸಿದವರು. ಸುಣ್ಣದ ಕಡ್ಡಿ ಹಿಡಿದು ಒಂದೇ ಏಟಿಗೆ, ಕೈವಾರವಿಲ್ಲದೆ, ದುಂಡಗೆ ವೃತ್ತ ತೆಗೆಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಈಗಿನ ಹುಡುಗಿಯರ ಅವ್ವಂದಿರು ಕೂಡ ಆ ವೃತ್ತವನ್ನು ನೆನೆಯುತ್ತಿದ್ದರು.

“ಕೂಡ್ರಿ ಸರ್,” ಎಂದಳು ಪೂನಮ್.

ಮಾಸ್ತರರು ಕೂತರು. ಕೂತ ಮೇಲೆ, ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಕ್ಕೆ ತಾವು ಕೂತದ್ದು ಇದೇ ಮೊದಲೆಂದು ಹೊಳೆದು ಮತ್ತೆ ಎದ್ದರು. ಎದ್ದು ಏನು ಮಾಡುವುದೆಂದು ತಿಳಿಯದೆ ಪುನಃ ಕೂತರು.

“ಮೊದಲ ಇದನ್ನ ಚಾಲೂ ಮಾಡೂನ್ರಿ.”

ಮಾಸ್ತರರು ನೋಟುಬುಕ್ಕಿನಲ್ಲಿ ‘೧. ಚಾಲೂ ಮಾಡುವುದು’ ಎಂದು ಬರೆದು ಕೆಳಗೆ ಅಡ್ಡಗೆರೆ ಎಳೆದರು.

ಬೋರ್ಡು ಬೆಳಗಿತು. ಬೆರಳಿನಿಂದಲೇ ಬರೆಯಬಹುದೆಂದು ಪೂನಮ್ ತೋರಿಸಿದಳು. ಮಾಸ್ತರರು ಎದ್ದು ಹೋಗಿ ತೋರುಬೆರಳಿನಿಂದ ಒಂದೇ ಏಟಿಗೆ ವೃತ್ತ ತೆಗೆದರು. ಒಂದು ಕ್ಷಣ ಅದು ಹಾಗೇ ಇತ್ತು. ಆಮೇಲೆ ಬೋರ್ಡು ಅದನ್ನು ಅಲ್ಲಲ್ಲಿ ಎಳೆದು ಸರಿಮಾಡಿಬಿಟ್ಟಿತು.

“ಇದನ್ನ ಯಾರ ತಿದ್ದಿದ್ರು?”

“ಬೋರ್ಡ ತಿದ್ದತೈತ್ರಿ ಸರ್, ತಾನಾಗೇ.”

“ನನ್ನ ವೃತ್ತದಾಗ ತಪ್ಪೇನಿತ್ತು?”

“ಗೊತ್ತಿಲ್ರಿ ಸರ್. ಅದು ಯಾರದ್ದಿದ್ರೂ ತಿದ್ದತೈತಿ.”

“ಮೂವತ್ತೊಂದು ವರ್ಷದಾಗ ಒಬ್ಬ ಇನ್‌ಸ್ಪೆಕ್ಟರ್ ತಿದ್ದಿಲ್ಲ,” ಎಂದು ಮಾಸ್ತರರು ನೋಟುಬುಕ್ಕು ಮಡಚಿಕೊಂಡು ಹೊರಟುಹೋದರು.

ಇನ್ನು ಬರುವುದಿಲ್ಲ ಎಂದುಕೊಂಡಳು ಪೂನಮ್. ಮರುದಿನ ಅದೇ ಹೊತ್ತಿಗೆ ಬಂದರು. ಕೂತು, ಪೆನ್ನಿನ ಮುಚ್ಚಳ ತೆಗೆದು ಹಾಕಿ, ಕೇಳಿದರು:

“ನಾ ನಿಮ್ಮ ಲೆಕ್ಕದ ಮ್ಯಾಲ ಕೆಂಪ ಶಾಯಿ ಎಳದಾಗ ನಿಮಗೂ ಹಿಂಗ ಆಕ್ಕಿತ್ತೇನ?”

“ಹೌದ್ರಿ ಸರ್.”

“ಮತ್ತ ಹೇಳಬಾರದ?”

“ಹೆಂಗ ಹೇಳೂದ್ರಿ ಸರ್?”

ಮಾಸ್ತರರು ನೋಟುಬುಕ್ಕು ತೆರೆದರು. “ಹೂಂ, ಎರಡನೇದ್ದು ಹೇಳು,” ಎಂದರು.

ಉಳಿದ ಶಿಕ್ಷಕರ ಪಾಠ ಬೇರೆ ರೀತಿ ನಡೆದಿತ್ತು. ಹಿಂದಿ ಕಲಿಸುವ ಕಸ್ತೂರೆವ್ವ ಟೀಚರಿಗೆ ನಾಲ್ಕು ಗಂಟೆಯಾಯಿತೆಂದರೆ ತಲೆನೋವು ಬರುತ್ತಿತ್ತು. ಸಮಾಜ ವಿಜ್ಞಾನದವರು ಚಾರ್ಜರ್ ಮನೆಯಲ್ಲಿ ಮರೆತು ಬರುತ್ತಿದ್ದರು. ಡ್ರಾಯಿಂಗ್ ಮಾಸ್ತರರು ಪ್ರತಿಯೊಂದಕ್ಕೂ “ಇದು ಪರೀಕ್ಷಾಕ್ಕ ಬರತೈತೇನ?” ಎಂದು ಕೇಳಿ, ಬರುವುದಿಲ್ಲ ಎಂದರೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಇಬ್ಬರು ಹಿಂದಿನ ಬೆಂಚು ಹಿಡಿದು ಮಾತಾಡಿದ್ದಕ್ಕೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅವರನ್ನು ಬೇರೆಬೇರೆ ಕೂರಿಸಬೇಕಾಯಿತು.

ಹೆಡ್ ಮಾಸ್ತರರಂತೂ ಬರಲೇ ಇಲ್ಲ. ಪೂನಮ್‌ಳನ್ನೇ ತಮ್ಮ ಕೋಣೆಗೆ ಕರೆಸಿ ಫೋನು ಮುಂದಿಡುತ್ತಿದ್ದರು. “ಇದನ್ನ ಕಳಸು. ಅದನ್ನ ಅಳಸು. ಈ ಹಾಜರಿ ತುಂಬು.” ಅವಳು ವಿವರಿಸಲು ಬಾಯಿ ತೆರೆದರೆ ತಡೆಯುತ್ತಿದ್ದರು.

“ನೀ ಮಾಡಿದ್ದು ನಾ ನೋಡೇನೆಲ್ಲ. ಆತು, ಕಲತಂಗ ಆತು.”

ದಿನದ ವರದಿ ಬರೆಯುವುದು ಮಾರ್ಗದರ್ಶಕಿಯ ಕೆಲಸ. ಚನಮಲ್ಲಪ್ಪ ಮಾಸ್ತರರ ಸಾಲಿನಲ್ಲಿ ‘ಕಲಿತರು’, ‘ಅರ್ಧ ಕಲಿತರು’, ‘ಸಿಟ್ಟಾದರು, ಆಮೇಲೆ ಕಲಿತರು’ ಎಂದು ಬರೆಯುತ್ತಿದ್ದಳು. ಹೆಡ್ ಮಾಸ್ತರರ ಸಾಲಿನಲ್ಲಿ ಐದು ವಾರ ‘ನೋಡಿದರು’ ಎಂದೇ ಬರೆದಳು. ಅವರು ಓದದೆ ಸಹಿ ಹಾಕುತ್ತಿದ್ದರು.

ಆರನೆಯ ವಾರ ಪರೀಕ್ಷೆಯ ಸುದ್ದಿ ಬಂತು. ಸಂಸ್ಥೆಯವರು ಒಂದು ಆ್ಯಪ್ ಮಾಡಿಸಿದ್ದರು. ಶಿಕ್ಷಕರು ಅದರಲ್ಲೇ ಐವತ್ತು ಪ್ರಶ್ನೆಗಳಿಗೆ ಉತ್ತರಿಸಬೇಕು. ಮೂವತ್ತಕ್ಕಿಂತ ಕಡಿಮೆ ಬಂದವರ ಹೆಸರನ್ನು ಜಮಖಂಡಿಯ ಸಭೆಯಲ್ಲಿ ಓದಿ ಹೇಳಲಾಗುವುದು.

ಅಂದು ಸಂಜೆ ಶಿದ್ರಾಮಪ್ಪನವರು ಹನ್ನೊಂದೂ ಹುಡುಗಿಯರನ್ನು ಕರೆಸಿ, ಬಾಗಿಲು ಮುಂದಕ್ಕೆ ಮಾಡಿ, ಒಬ್ಬೊಬ್ಬರಿಗೂ ಒಂದೊಂದು ಪೇಡೆ ಕೊಟ್ಟರು.

“ನಮ್ಮ ಸಾಲಿ ಮರ್ಯಾದಿ ನಿಮ್ಮ ಕೈಯಾಗ ಐತಿ. ಸರ್‌ಗಳಿಗೆ, ಟೀಚರ್‌ಗಳಿಗೆ ಕೆಲಸ ಭಾಳ. ಪರೀಕ್ಷಾ ನೀವ ಬರದು ಬಿಡ್ರಿ.”

“ಅದು ಕಾಪಿ ಆಗೂದಿಲ್ಲೇನ್ರಿ ಸರ್?” ಎಂದಳು ಒಬ್ಬಳು.

“ಕಾಪಿ ಅಂದ್ರ ನೋಡಿ ಬರಿಯೂದು. ನೀವೇನ್ ನೋಡಿ ಬರಿಯಾಕತ್ತೀರೇನ? ಇದಕ್ಕ ಗುರುಸೇವಾ ಅಂತಾರ.”

ಹುಡುಗಿಯರು ಪೇಡೆ ತಿಂದರು.

ಹೆಸರು ನೋಂದಾಯಿಸುವಾಗ ಆ್ಯಪು ಮೊಬೈಲ್ ನಂಬರು ಕೇಳಿತು. ಆ ನಂಬರಿಗೆ ಓಟಿಪಿ ಬರುತ್ತದೆ, ಅದನ್ನು ಒತ್ತಿದರೆ ಮಾತ್ರ ಒಳಗೆ ಹೋಗಬಹುದು ಎಂದು ಪೂನಮ್ ಹೇಳಿದ್ದೇ ಶಿದ್ರಾಮಪ್ಪನವರು ಬೆಚ್ಚಿದರು.

“ನನ್ನ ನಂಬರ್ ಕೊಡಬ್ಯಾಡ. ಪೇಪರ್‌ನ್ಯಾಗ ದಿನಾ ಬರತೈತಿ, ಓಟಿಪಿ ಬಂತಂದ್ರ ಬ್ಯಾಂಕಿನಾಗಿಂದು ಎಲ್ಲಾ ಹೋತು ಅಂತ.”

“ಮತ್ತ ಯಾರದು ಹಾಕ್ಲಿರಿ?”

“ನಿಮ್ಮಪ್ಪಂದು ಹಾಕು. ಅವನ ಹತ್ರ ಹೋಗೂವಂಥಾದ್ದು ಏನೈತಿ?”

ಪೂನಮ್ ಅಪ್ಪನ ನಂಬರನ್ನು ಹಾಕಿದಳು. ಆದರೆ ಆ ಮಾತು ಬಸ್ಸಿನಲ್ಲಿ ಹಿಪ್ಪರಗಿಯವರೆಗೂ ಅವಳ ಜೊತೆಗೇ ಬಂತು.

ಪರೀಕ್ಷೆಯ ದಿನ ಹೆಡ್ ಮಾಸ್ತರರ ಲಿಖಿತ ಅನುಮತಿಯ ಮೇಲೆ ಪೂನಮ್ ಅಪ್ಪನ ಫೋನನ್ನು ತಂದು ಹೆಡ್ ಮಾಸ್ತರರ ಪರೀಕ್ಷೆ ಬರೆಯತೊಡಗಿದಳು. ಶಿದ್ರಾಮಪ್ಪನವರು ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಕೊನೆಯ ಪ್ರಶ್ನೆಗೆ ಬಂದಾಗ “ಒಂದು ತಪ್ಪ ಮಾಡು,” ಎಂದರು. “ಐವತ್ತಕ್ಕ ಐವತ್ತು ಬಂದ್ರ ಸಂಶಯ ಬರತೈತಿ.” ಹೀಗೆ ಅವರಿಗೆ ನಲವತ್ತೊಂಬತ್ತು ಬಂತು. ಆರು ವಾರದಲ್ಲಿ ಅವರು ಕೊಟ್ಟ ಉತ್ತರ ಅದೊಂದೇ, ಅದೂ ತಪ್ಪಾಗಲೆಂದು ಕೊಟ್ಟದ್ದು.

ಅಲ್ಲಿಂದ ಪೂನಮ್ ಮೇಲಿನ ಕೋಣೆಗೆ ಹೋದಳು. ಚನಮಲ್ಲಪ್ಪ ಮಾಸ್ತರರು ಆ್ಯಪು ತೆರೆದು, ಮೊದಲ ಪ್ರಶ್ನೆಯನ್ನು ಮೂರನೆಯ ಸಲ ಓದುತ್ತಿದ್ದರು.

“ನೀ ಬರದ್ರ ನನಗ ಎಷ್ಟ ಬೀಳತಾವ?”

“ನಲವತ್ತೊಂಬತ್ತು ಬೀಳತಾವ್ರಿ ಸರ್.”

“ನಾ ಬರದ್ರ?”

ಪೂನಮ್ ನೆಲ ನೋಡಿದಳು.

“ಖರೆ ಹೇಳು.”

“ಹದಿನೆಂಟು, ಇಪ್ಪತ್ತು ಬೀಳಬಹುದ್ರಿ.”

ಮಾಸ್ತರರು ಕನ್ನಡಕ ಒರೆಸಿಕೊಂಡರು. “ಹೋದ ವರ್ಷ ನಿನ್ನ ಗೆಳತಿ ಪರೀಕ್ಷಾದಾಗ ಚೀಟಿ ತಂದಾಗ ವರಾಂಡದಾಗ ನಿಂದರಿಸಿದ್ದೆ. ಆಕಿ ಅತ್ತಿದ್ದು ನೋಡಿದ್ದೆ. ನೀ ಹೊರಗ ಕೂಡು ಹೋಗು. ಮುಗದ ಮ್ಯಾಲ ಕರೀತೇನಿ.”

ಅವರಿಗೆ ಇಪ್ಪತ್ತೊಂದು ಬಂತು. ಜಮಖಂಡಿಯ ಸಭೆಯಲ್ಲಿ ಹೆಸರನ್ನು ಎರಡು ಸಲ ಓದಿದರು, ಮೊದಲ ಸಲ ಮೈಕು ಕೈಕೊಟ್ಟಿದ್ದರಿಂದ. ವಾಪಸು ಬಂದ ಮೇಲೆ ಎರಡು ದಿನ ಅವರು ಸ್ಟಾಫ್ ರೂಮಿಗೆ ಹೋಗದೆ ಖಾಲಿ ತರಗತಿಯಲ್ಲಿ ಡಬ್ಬಿ ಬಿಚ್ಚಿ ಒಬ್ಬರೇ ಉಂಡರು. ಪೂನಮ್‌ಗೆ ಅದನ್ನು ನೋಡಲಾಗಲಿಲ್ಲ. ನಾನೇ ಬರೆದುಬಿಡಬೇಕಿತ್ತು ಎಂದು ಒಮ್ಮೆ ಅನ್ನಿಸುತ್ತಿತ್ತು. ಹೆಡ್ ಮಾಸ್ತರರದನ್ನು ಬರೆಯಬಾರದಿತ್ತು ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು.

ಇತ್ತ ನಲವತ್ತೊಂಬತ್ತು ಅಂಕಕ್ಕೆ ರೇವಪ್ಪನವರು ಹಿರಿಹಿರಿ ಹಿಗ್ಗಿದರು. ಐದೂ ಶಾಲೆಗಳಲ್ಲಿ ಅದೇ ಮೊದಲ ಸ್ಥಾನ. ಶಿದ್ರಾಮಪ್ಪನವರನ್ನು ಸಂಸ್ಥೆಯ ಮುಖ್ಯ ತರಬೇತುದಾರರನ್ನಾಗಿ ನೇಮಿಸಿ, ಬೀಳಗಿಯ ಶಾಲೆಯ ಸಭಾಭವನದಲ್ಲಿ ಎಂಬತ್ತು ಶಿಕ್ಷಕರ ಮುಂದೆ ಪ್ರಾತ್ಯಕ್ಷಿಕೆ ಕೊಡಬೇಕೆಂದು ಆದೇಶ ಹೊರಡಿಸಿದರು. ಆದೇಶ ಓದಿದ ಶಿದ್ರಾಮಪ್ಪನವರು ಒಂದು ಲೋಟ ನೀರು ಕುಡಿದು ಪೂನಮ್‌ಳನ್ನು ಕರೆಸಿದರು.

“ನೀ ಬರಬೇಕು. ಸ್ವಾಗತಗೀತೆ ಹಾಡಾಕಿ ಅಂತ ಹೆಸರ ಹಾಕೇನಿ. ಲ್ಯಾಪ್‌ಟಾಪಿನ ಮುಂದ ನೀ ಕೂಡು. ನಾ ಕೈ ಮಾಡಿದಾಗ ನೀ ಒತ್ತು.”

ಸಂಸ್ಥೆಯ ಜೀಪಿನಲ್ಲಿ ಮುಂದೆ ಶಿದ್ರಾಮಪ್ಪನವರು, ಹಿಂದೆ ಪೂನಮ್, ಅವಳಿಗೆ ಜೊತೆಯಾಗಿ ಕಸ್ತೂರೆವ್ವ ಟೀಚರು. ಪಕ್ಕದಲ್ಲಿ ಚನಮಲ್ಲಪ್ಪ ಮಾಸ್ತರರೂ ಇದ್ದರು, ಮೂವತ್ತಕ್ಕಿಂತ ಕಡಿಮೆ ಬಂದವರು ಮೊದಲ ಸಾಲಿನಲ್ಲಿ ಕೂತು ಕಲಿಯಬೇಕೆಂಬ ಸೂಚನೆ ಇದ್ದುದರಿಂದ. ಮಹಾಲಿಂಗಪುರದ ಬಸ್ ನಿಲ್ದಾಣದ ಹತ್ತಿರ ಜೀಪು ನಿಲ್ಲಿಸಿ, ಸಭೆಗೆಂದು ಅಚ್ಚು ಹಾಕಿಸಿದ್ದ ಬ್ಯಾನರನ್ನು ಹೇರಿಕೊಂಡರು. ಬ್ಯಾನರಿನಲ್ಲಿ ಶಿದ್ರಾಮಪ್ಪನವರು ಲ್ಯಾಪ್‌ಟಾಪಿನ ಮುಂದೆ ಕೂತು ನಗುತ್ತಿದ್ದರು. ಲ್ಯಾಪ್‌ಟಾಪು ಮುಚ್ಚಿತ್ತು.

ಬೀಳಗಿಯಲ್ಲಿ ಸಭಾಭವನ ತುಂಬಿತ್ತು. ಪತ್ರಿಕೆಯವರೂ ಇಬ್ಬರು ಬಂದಿದ್ದರು. ಪೂನಮ್ ಹಾಡಿ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂರಲು ಹೋದಳು. ರೇವಪ್ಪನವರು ಪ್ರೀತಿಯಿಂದ ತಡೆದರು.

“ಏ ತಂಗಿ, ನೀ ಯಾಕ ದಣೀತಿ? ಉಪ್ಪಿಟ್ಟ ತಿನ್ನು ಹೋಗು. ಸರ್ ತಾವ ಮಾಡ್ತಾರ.”

ಶಿದ್ರಾಮಪ್ಪನವರು ಭಾಷಣ ಆರಂಭಿಸಿದರು. ಮನುಷ್ಯ ಬೆಂಕಿ ಕಂಡುಹಿಡಿದಲ್ಲಿಂದ ಹೊರಟು, ಗಾಲಿ, ಉಗಿಬಂಡಿ ದಾಟಿ, ಇಪ್ಪತ್ತೈದು ನಿಮಿಷದಲ್ಲಿ ರೇಡಿಯೊದವರೆಗೆ ಬಂದರು. ಇನ್ನಷ್ಟು ಎಳೆಯುತ್ತಿದ್ದರೇನೋ. ಆದರೆ ರೇವಪ್ಪನವರು “ಈಗ ಮಾಡಿ ತೋರಸ್ರಿ,” ಎಂದರು.

ತೆರೆಯ ಮೇಲೆ ಅದೇ ಪರೀಕ್ಷೆಯ ಆ್ಯಪಿನ ಒಂದೇ ಒಂದು ನೀಲಿ ಗುಂಡಿ ಕಾಣುತ್ತಿತ್ತು. ಶಿದ್ರಾಮಪ್ಪನವರು ಧೈರ್ಯ ಮಾಡಿ ಅದನ್ನೇ ಒತ್ತಿದರು. ‘ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ’ ಎಂಬ ಅಕ್ಷರಗಳು ಗೋಡೆಯಗಲ ಮೂಡಿದವು. ಅವರು ಜೇಬಿನಿಂದ ಫೋನು ತೆಗೆದು ನೋಡಿದರು. ಏನೂ ಬಂದಿರಲಿಲ್ಲ. ಅಲ್ಲಾಡಿಸಿ ನೋಡಿದರು. ಆಗ ಅದು ಯಾರ ಫೋನಿಗೆ ಹೋಗಿದೆ ಎಂದು ನೆನಪಾಗಿ ಅವರ ಹಣೆ ಬೆವರಿತು.

ಬೇರೆ ದಾರಿ ತೋಚದೆ ಅಮಸಿದ್ದಪ್ಪನಿಗೆ ಫೋನು ಹಚ್ಚಿದರು. ಅವರ ಫೋನಿನಲ್ಲಿ ಸ್ಪೀಕರು ಯಾವಾಗಲೂ ಚಾಲೂ ಇರುತ್ತಿತ್ತು. ಬಂದ್ ಮಾಡಬಹುದೆಂದು ಅವರಿಗೆ ತಿಳಿದಿರಲಿಲ್ಲ. ಎದುರಿಗೆ ಮೈಕು ಇತ್ತು.

“ಯಾರ್ರಿ?” ಎಂದಿತು ಸಭಾಭವನದ ಎರಡೂ ಧ್ವನಿವರ್ಧಕಗಳಿಂದ ಅಮಸಿದ್ದಪ್ಪನ ದನಿ. ಹಿಂದೆ ಕುರಿಗಳು ಅರಚುತ್ತಿದ್ದವು.

“ನಾನು, ಹೆಡ್ ಮಾಸ್ತರ. ನಿನ್ನ ಫೋನಿಗೊಂದು ನಂಬರ್ ಬಂದಿರತೈತಿ, ಲಗೂನ ಹೇಳು,” ಎಂದರು ಶಿದ್ರಾಮಪ್ಪನವರು ಆದಷ್ಟು ಸಣ್ಣ ದನಿಯಲ್ಲಿ.

“ಓಟಿಪಿ ಏನ್ರಿ? ಅದನ್ನ ಯಾರಿಗೂ ಹೇಳಬ್ಯಾಡಂತ ನನ್ನ ಮಗಳ ಹೇಳ್ಯಾಳ್ರಿ.”

“ಅಲ್ಲೋ, ನಾ ನಿನ್ನ ಮಗಳ ಸಾಲಿ ಹೆಡ್ ಮಾಸ್ತರ ಅದೇನಿ!”

“ಎಲ್ಲಾರೂ ಹಂಗ ಅಂತಾರ್ರಿ. ಮೊನ್ನೆ ಒಬ್ಬಾಂವ ಬ್ಯಾಂಕ್ ಮ್ಯಾನೇಜರ್ ಅಂದಿದ್ದ. ನೀವು ಹೆಡ್ ಮಾಸ್ತರ ಇದ್ರ ನನ್ನ ಮಗಳ ಕೈಯಾಗ ಫೋನ್ ಕೊಡ್ರಿ.”

ಸಭಾಭವನದಲ್ಲಿ ಎಲ್ಲೋ ಒಬ್ಬರು ಕೆಮ್ಮಿದರು, ಹತ್ತು ಮಂದಿ ಸೇರಿಕೊಂಡರು. ಪೂನಮ್ ಉಪ್ಪಿಟ್ಟಿನ ತಟ್ಟೆಯನ್ನು ಕಸ್ತೂರೆವ್ವ ಟೀಚರಿಗೆ ಕೊಟ್ಟು ವೇದಿಕೆಗೆ ಹೋಗಿ ಫೋನು ತೆಗೆದುಕೊಂಡಳು.

“ಎಪ್ಪಾ, ನಾನು.”

“ಪೂನಮ್, ಇವರು ಖರೇನ ನಿಮ್ಮ ಹೆಡ್ ಮಾಸ್ತರ ಏನ?”

“ಖರೆ ಎಪ್ಪಾ.”

“ಹಂಗಾರ ಅವರ ಓಟಿಪಿ ನನ್ನ ಫೋನಿಗೆ ಯಾಕ ಬಂತು?”

ಎಂಬತ್ತು ಮಾಸ್ತರರು ಕಾಯುತ್ತಿದ್ದರು. ಶಿದ್ರಾಮಪ್ಪನವರು ಮೇಲಕ್ಕೆ, ಕೆಳಕ್ಕೆ ಕೈ ಆಡಿಸಿ ‘ನೆಟ್‌ವರ್ಕ್ ಅನ್ನು’ ಎಂದು ಸನ್ನೆ ಮಾಡುತ್ತಿದ್ದರು. ಪೂನಮ್ ಅವರತ್ತ ನೋಡಿದಳು. ಮೊದಲ ಸಾಲಿನಲ್ಲಿ ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಚನಮಲ್ಲಪ್ಪ ಮಾಸ್ತರರತ್ತ ನೋಡಿದಳು. ಅವರು ಯಾವ ಸನ್ನೆಯನ್ನೂ ಮಾಡಲಿಲ್ಲ. ಅವಳಿಗೆ ಅಪ್ಪನೊಡನೆ ಸುಳ್ಳು ಹೇಳಿ ರೂಢಿಯಿರಲಿಲ್ಲ.

“ಅವರ ಪರೀಕ್ಷಾ ನಾ ಬರದೇನೆಪ್ಪಾ. ಅದಕ್ಕ ನಿನ್ನ ನಂಬರ್ ಹಾಕಿದ್ದೆ.”

ಆ ಕಡೆ ಅಮಸಿದ್ದಪ್ಪ ಅರಚುತ್ತಿದ್ದ ಕುರಿಗಳನ್ನು ಗದರಿಸಿದ.

“ಮಾಸ್ತರ ಪರೀಕ್ಷಾ ನೀ ಬರದಿ?”

“ಹೂಂ.”

“ಪಾಸ್ ಆದ್ರೇನ?”

“ಆದ್ರು.”

“ಛಲೋ ಆತ ಬಿಡು,” ಎಂದು ಅಮಸಿದ್ದಪ್ಪ ಫೋನಿಟ್ಟ.

ನಗು ತಡೆಯುವುದು ಯಾರಿಂದಲೂ ಆಗಲಿಲ್ಲ. ನಗುವಿನ ನಡುವೆ ರೇವಪ್ಪನವರು ಮಾತ್ರ ಎದ್ದು ನಿಂತರು. “ತಮ್ಮ ಪರೀಕ್ಷಾ ತಾವ ಬರದವರು ಕೈ ಎತ್ತರಿ,” ಎಂದರು. ನಗು ನಿಂತಿತು. ಎಂಬತ್ತು ಮಂದಿಯಲ್ಲಿ ಮೂರು ಕೈ ಮೇಲೆದ್ದವು, ಮೂರೂ ಮೊದಲ ಸಾಲಿನವು. ಒಂದು ಕೈ ಚನಮಲ್ಲಪ್ಪ ಮಾಸ್ತರರದು. ಉಳಿದೆರಡು ಹದಿನೇಳು ಮತ್ತು ಹದಿನಾಲ್ಕು ಅಂಕದವು.

ರೇವಪ್ಪನವರು ಆ ಮೂರು ಕೈ ನೋಡಿದರು, ಬ್ಯಾನರು ನೋಡಿದರು, ಬರೆದುಕೊಳ್ಳುತ್ತಿದ್ದ ಪತ್ರಿಕೆಯವರನ್ನು ನೋಡಿದರು. ನಲವತ್ತು ವರ್ಷ ನೂಲು ಮಾರಿದವರು, ಗಂಟು ಬಿಡಿಸುವುದು ಗೊತ್ತಿತ್ತು. ಮೈಕು ಹಿಡಿದು ಶುದ್ಧ ಭಾಷಣದ ಕನ್ನಡಕ್ಕೆ ಹೊರಳಿದರು.

“ಬಂಧುಗಳೇ, ಓಟಿಪಿಯನ್ನು ಯಾರು ಕೇಳಿದರೂ ಕೊಡಬಾರದು ಎಂಬುದನ್ನು ಶಿದ್ರಾಮಪ್ಪನವರು ತಮ್ಮ ಮರ್ಯಾದೆಯನ್ನೇ ಪಣಕ್ಕಿಟ್ಟು ಅತ್ಯಂತ ಪರಿಣಾಮಕಾರಿಯಾಗಿ ಅಭಿನಯಿಸಿ ತೋರಿಸಿದ್ದಾರೆ. ಅವರಿಗೊಂದು ಚಪ್ಪಾಳೆ.”

ಎಪ್ಪತ್ತೇಳು ಮಂದಿ ಮನಸಾರೆ ಚಪ್ಪಾಳೆ ತಟ್ಟಿದರು. ಮರುದಿನದ ಪತ್ರಿಕೆಯಲ್ಲಿ ‘ಸೈಬರ್ ಜಾಗೃತಿ: ಮುಖ್ಯೋಪಾಧ್ಯಾಯರ ವಿನೂತನ ಪ್ರಯೋಗ’ ಎಂದು ಬಂತು. ಚಿತ್ರದಲ್ಲಿ ಶಿದ್ರಾಮಪ್ಪನವರು ಬೆವರುತ್ತಿದ್ದರು. ವೇದಿಕೆಯ ಹಿಂದಿನ ಕೋಣೆಯಲ್ಲಿ ರೇವಪ್ಪನವರು ಅವರಿಗೆ ಏನು ಹೇಳಿದರೆಂಬುದು ಪತ್ರಿಕೆಯಲ್ಲಿ ಬರಲಿಲ್ಲ. ಆದರೆ ಜೀಪಿನ ಚಾಲಕ ಕಿಟಕಿಯಾಚೆ ನಿಂತಿದ್ದರಿಂದ ಬನಹಟ್ಟಿಗೆಲ್ಲ ಗೊತ್ತಾಯಿತು. ಫಲಿತಾಂಶ ರದ್ದು, ಒಂದು ತಿಂಗಳ ಮೇಲೆ ಮರುಪರೀಕ್ಷೆ, ಮತ್ತು ಕೊಠಡಿಯ ಮೇಲ್ವಿಚಾರಣೆಗೆ ಆ ಹುಡುಗಿಯರೇ.

ಮರುದಿನ ಬೆಳಿಗ್ಗೆ ಅಮಸಿದ್ದಪ್ಪ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಕ್ಯಾನು ಹಾಲು ಹಿಡಿದು ಶಾಲೆಗೆ ಬಂದ. ತಾನು ಹೆಡ್ ಮಾಸ್ತರರಿಗೆ ಎದುರು ಮಾತಾಡಿದ್ದಕ್ಕೆ ಮಗಳನ್ನು ಶಾಲೆಯಿಂದ ತೆಗೆದುಬಿಟ್ಟರೆ ಎಂಬ ಭಯ. ಚನಮಲ್ಲಪ್ಪ ಮಾಸ್ತರರು ಅವನ ಕೈಹಿಡಿದು ಹೆಡ್ ಮಾಸ್ತರರ ಕೋಣೆಗೆ ಕರೆತಂದು, ತಾವೇ ಕುರ್ಚಿ ಎಳೆದು ಕೂರಿಸಿದರು.

“ತಪ್ಪಾತ್ರಿ ಸಾಹೇಬ್ರ,” ಎಂದ ಅಮಸಿದ್ದಪ್ಪ. “ನಿಮ್ಮ ದನಿ ಗುರುತ ಹತ್ತಲಿಲ್ಲ.”

ಶಿದ್ರಾಮಪ್ಪನವರು ಹಾಲಿನ ಕ್ಯಾನು ನೋಡಿದರು. ಪಕ್ಕದಲ್ಲಿ ಚನಮಲ್ಲಪ್ಪ ಮಾಸ್ತರರು ಕೈಕಟ್ಟಿ ನಿಂತಿದ್ದರು, ಉತ್ತರ ಹೇಳಲು ವಿದ್ಯಾರ್ಥಿಗೆ ಸಮಯ ಕೊಟ್ಟು ನಿಲ್ಲುವ ಹಾಗೆ.

“ನೀವು ಮಾಡಿದ್ದು ಬರೋಬ್ಬರಿ ಐತ್ರಿ,” ಎಂದರು ಶಿದ್ರಾಮಪ್ಪನವರು ಕೊನೆಗೆ. ಅಮಸಿದ್ದಪ್ಪನನ್ನು ಅವರು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಮರುಪರೀಕ್ಷೆಯ ದಿನ ಕೊಠಡಿಯಲ್ಲಿ ಹದಿಮೂರು ಮಂದಿ ದೂರದೂರ ಕೂತಿದ್ದರು. ಹುಡುಗಿಯರು ಸಾಲುಗಳ ನಡುವೆ ಓಡಾಡುತ್ತಿದ್ದರು. ಡ್ರಾಯಿಂಗ್ ಮಾಸ್ತರರು ಪಕ್ಕಕ್ಕೆ ವಾಲಿದಾಗ ಒಬ್ಬಳು ಅವರ ಬೆಂಚಿನ ಮೇಲೆ ಪೆನ್ನಿನಿಂದ ಟಕಟಕ ಬಡಿದಳು. ಪೂನಮ್ ಹತ್ತಿರ ಬಂದಾಗ ಶಿದ್ರಾಮಪ್ಪನವರು ತುಟಿ ಅಲ್ಲಾಡಿಸದೆ ಕೇಳಿದರು.

“ತಂಗಿ, ನಾಕನೇದ್ದು?”

ಪೂನಮ್‌ಗೆ ಪಾಪ ಅನ್ನಿಸಿತು. ನಾಲ್ಕನೆಯದು ಬಹಳ ಸುಲಭದ್ದು. ಆದರೂ “ಮುಂದ ನೋಡ್ರಿ ಸರ್,” ಎಂದು ಮುಂದಿನ ಸಾಲಿಗೆ ಹೋದಳು.

ಚನಮಲ್ಲಪ್ಪ ಮಾಸ್ತರರಿಗೆ ಮೂವತ್ತಮೂರು ಬಂತು. ಅಂಕ ನೋಡಿ, ತಪ್ಪಾದ ಹದಿನೇಳು ಯಾವುವೆಂದು ಕೇಳಿ ಬರೆದುಕೊಂಡು, ಅಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಜೊತೆ ಕೂತು ಉಂಡರು. ಶಿದ್ರಾಮಪ್ಪನವರಿಗೆ ಹನ್ನೊಂದು ಬಂತು. ಪಾಠ ಮೊದಲಿನಿಂದ ಆರಂಭಿಸಬೇಕೆಂದು ಸಂಸ್ಥೆಯ ಪತ್ರ ಬಂತು.

ನಾಲ್ಕಾರು ದಿನ ಅವರು ಏನಾದರೊಂದು ನೆಪ ಹೇಳಿದರು. ಆಮೇಲೆ ಒಂದು ಗುರುವಾರ ನಾಲ್ಕು ಗಂಟೆಗೆ ತಾವೇ ಮಹಡಿ ಹತ್ತಿ ಬಂದರು. ಕೋಣೆಯಲ್ಲಿ ಪೂನಮ್ ಒಬ್ಬಳೇ ಇದ್ದಳು. ಬೆಂಚಿನ ತುದಿಗೆ ಕೂತು ಫೋನು ಮುಂದಿಟ್ಟರು. ಈ ಸಲ ಅವಳತ್ತ ತಳ್ಳಲಿಲ್ಲ.

“ಒಂದ್ ಕೇಳತೇನಿ. ಸಂಸ್ಥಾದ ವಾಟ್ಸಾಪ್ ಗ್ರೂಪಿನಾಗ ಆ ಬೀಳಗಿ ಫೋಟೊ ದಿನಾ ಯಾರರೆ ಹಾಕ್ತಾರ, ಉಳದವರು ನಗ್ತಾರ. ಯಾರಿಗೂ ಗೊತ್ತಾಗದಂಗ ಆ ಗ್ರೂಪ್ ಬಿಡಾಕ ಬರತೈತೇನ?”

“ಬಿಟ್ರ ಅಧ್ಯಕ್ಷರಿಗೆ ಗೊತ್ತಾಗತೈತ್ರಿ ಸರ್. ಆದ್ರ ಅದರ ಸಪ್ಪಳ ಬಂದ್ ಮಾಡಬಹುದ್ರಿ. ಅವರು ಏನ ಹಾಕಿದ್ರೂ ನಿಮ್ಮ ಫೋನ್ ಸುಮ್ಮನ ಇರತೈತಿ.”

“ಹೆಂಗ?”

ಅವಳು ಹೇಳಿದಳು. ಅವರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಹೆಸರಿನ ಮೇಲೆ ಒತ್ತಿ, ತಪ್ಪು ಕಡೆ ಹೋಗಿ, ವಾಪಸು ಬಂದು, ಮತ್ತೆ ಒತ್ತಿದರು. ಮೂರನೆಯ ಸಲಕ್ಕೆ ಆಯಿತು. ಇಬ್ಬರೂ ಫೋನು ನೋಡುತ್ತ ಕಾದರು. ಗ್ರೂಪಿನಲ್ಲಿ ಹೊಸದೊಂದು ಸಂದೇಶ ಬಂದು ಬಿತ್ತು, ಫೋನು ಮಾತಾಡಲಿಲ್ಲ. ಶಿದ್ರಾಮಪ್ಪನವರ ಮುಖ ಅರಳಿತು.

“ನಾಳಿಗೆ ಏನ ಕಲಸ್ತಿ?” ಎಂದರು.